ಸವಳು ಹೊಲಕ್ಕೆ ಯಾವ ಗೋಧಿ? ಬಿತ್ತಿ ನೋಡಿದವರು ಹೇಳಿ

ಜಮಖಂಡಿ ಕಡೆಯವರು:
ಎರಡು ಎಕರೆ ಎರೆ ಹೊಲ. ಹದಿನಾಲ್ಕು ವರ್ಷ ಕಬ್ಬು ಇತ್ತು. ಈಗ ಬೇಸಿಗೆಯಲ್ಲಿ ಮೇಲೆಲ್ಲ ಬೆಳ್ಳಗೆ ಉಪ್ಪು ಏಳುತ್ತದೆ. ಮಣ್ಣು ಪರೀಕ್ಷೆಯಲ್ಲಿ ಇಸಿ (ಉಪ್ಪಿನಂಶದ ಅಳತೆ) 2.6, ಪಿಎಚ್ 8.2. ನವೆಂಬರ್‌ನಲ್ಲಿ ಗೋಧಿ ಬಿತ್ತಬೇಕು ಅಂತಿದ್ದೇನೆ. ಮನೆಯಲ್ಲಿ ಜವೆ (ಕಪ್ಲಿ) ಗೋಧಿಯೇ ಬೇಕು ಅನ್ನುತ್ತಾರೆ. ಬರುತ್ತದಾ?

ಮುಧೋಳದವರು:
ತಳಿ ಆಮೇಲೆ ನೋಡೋಣ. ಮೊದಲು ಜಿಪ್ಸಂ ತರಬೇಡಿ. ಅಂಗಡಿಯವರ ಮಾತು ನಂಬಿ ಎರಡು ಎಕರೆಗೆ 80 ಚೀಲ ಹಾಕಿದೆ. ಚೀಲಕ್ಕೆ 210ರಂತೆ 16,800. ಲಾರಿ ಬಾಡಿಗೆ 3,500. ಎರಚುವ ಆಳುಗಳಿಗೆ 2,400. ಒಟ್ಟು 22,700 ರೂಪಾಯಿ ಹೋಯಿತು. ಜಿಪ್ಸಂ ಬೇಕಾಗುವುದು ಪಿಎಚ್ 8.5 ದಾಟಿದ, ಸೋಡಿಯಂ ತುಂಬಿದ ಕ್ಷಾರ ಮಣ್ಣಿಗೆ. ನನ್ನದು ಬರೀ ಉಪ್ಪೇರಿದ ಸವಳು, ಪಿಎಚ್ 8.1. ಆ ವರ್ಷ ಎರಡೂ ಎಕರೆ ಸೇರಿ 9 ಕ್ವಿಂಟಲ್ ಗೋಧಿ. ರಸೀದಿಗಳನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಗೋಕಾಕದವರು:
ನಾನು ಬನ್ಸಿ (ರವೆಗೆ ಬಳಸುವ ಗಟ್ಟಿ ಗೋಧಿ) ಬಿತ್ತಿ ಕೈ ಸುಟ್ಟುಕೊಂಡವನು. ವಾರದಲ್ಲಿ ಏಳಬೇಕಾದ ಮೊಳಕೆ ಹದಿಮೂರನೇ ದಿನ ಎದ್ದಿತು, ಅದೂ ಅಲ್ಲಲ್ಲಿ. ಮಧ್ಯೆ ಚಾಪೆ ಹಾಸುವಷ್ಟು ಖಾಲಿ ಜಾಗ. ಹಳೇ ಎಲೆಗಳ ತುದಿ ಮೊದಲು ಒಣಗಿತು. ತೆಂಡೆ (ಬುಡದಿಂದ ಒಡೆಯುವ ಕವಲು) ಗಿಡಕ್ಕೆ ಒಂದೋ ಎರಡೋ. ಒಂದು ತೆನೆ ಅಂಗೈಯಲ್ಲಿ ಉಜ್ಜಿ ಎಣಿಸಿದೆ, 17 ಕಾಳು. ಬದುವಿನಾಚೆ ತಮ್ಮನ ಹೊಲದಲ್ಲಿ ಯುಎಎಸ್ 304 ಅನ್ನುವ ಚಪಾತಿ ಗೋಧಿ ತಳಿ. ಅದೇ ಮಣ್ಣು, ಅದೇ ನೀರು. ಅಲ್ಲಿ 36. ಚಪಾತಿ ಗೋಧಿಗೆ 42 ವರ್ಣತಂತು (ಕ್ರೋಮೋಸೋಮ್), ಬನ್ಸಿಗೂ ಜವೆಗೂ 28. ಸೋಡಿಯಂ ಎಲೆಗೆ ಏರದಂತೆ ತಡೆಯುವ ಗುಣ ಆ ಹೆಚ್ಚಿನ ವರ್ಣತಂತುಗಳಲ್ಲಿದೆಯಂತೆ. ಬಿತ್ತುವ ಮೊದಲು ಒಬ್ಬರಾದರೂ ಇದನ್ನು ನನಗೆ ಹೇಳಲಿಲ್ಲ.

ಅಥಣಿಯವರು:
ನಾನು ಕೆಆರ್‌ಎಲ್ 210 ತರಿಸಿದೆ. ಕರ್ನಾಲ್‌ನ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ ಉಪ್ಪು ನೆಲಕ್ಕೆಂದೇ ಬೆಳೆಸಿದ ತಳಿ ಅದು. 40 ಕಿಲೋ ಬೀಜ. ಬೀಜದ ಬೆಲೆಗಿಂತ ಸಾಗಣೆಗೇ ಜಾಸ್ತಿ ಆಯಿತು. ಊರವರು ನಕ್ಕರು. ಎಕರೆಗೆ 11 ಕ್ವಿಂಟಲ್ ಬಂತು. ನಮ್ಮಲ್ಲಿ ಚಳಿ ಬೇಗ ಮುಗಿದಿದ್ದಕ್ಕೆ ಕಾಳು ಸ್ವಲ್ಪ ಸಣ್ಣ, ಅಷ್ಟೇ. ಬಿತ್ತುವ ಮೊದಲು ಎರಡು ಸಲ ನೀರು ಕಟ್ಟಿ ಬಸಿದಿದ್ದೆ, ಬೀಜವನ್ನೂ ಕಾಲು ಪಾಲು ಹೆಚ್ಚು ಹಾಕಿದ್ದೆ.

ಮುಧೋಳದವರು:
ಬಸಿದಿದ್ದು ಹೇಗೆ? ಬಸಿಗಾಲುವೆ ಇತ್ತು ಅಲ್ವಾ? ಅದನ್ನು ಮೊದಲು ಹೇಳಿ. ಸುಮ್ನೆ ತಳಿಯ ಹೆಸರು ಹೇಳಿದರೆ ಜನ ಬೀಜಕ್ಕೇ ದುಡ್ಡು ಸುರಿಯುತ್ತಾರೆ.

ಅಥಣಿಯವರು:
ಇತ್ತು. ಐದು ಅಡಿ ಆಳ. ಜೆಸಿಬಿಗೆ 14 ತಾಸು, 15,400 ರೂಪಾಯಿ. ಹಾಗಂತ ತಳಿಯನ್ನು ಕಡೆಗಣಿಸಬೇಡಿ. ಅದೇ ಕಾಲುವೆ ಪಕ್ಕ ಹಿಂದಿನ ವರ್ಷ ಬೇರೆ ಗೋಧಿ ಹಾಕಿ 6 ಕ್ವಿಂಟಲ್ ಕಂಡವನು ನಾನು.

ಸಿಂಧನೂರಿನವರು:
ಪ್ರಯೋಗಾಲಯದವರು ಮಣ್ಣಿಗೆ ಎಷ್ಟು ನೀರು ಬೆರೆಸಿ ಅಳೆದರು ಕೇಳಿದ್ದೀರಾ? ಒಂದು ಪಾಲಿಗೆ ಎರಡೂವರೆ ಪಾಲು ನೀರಾದರೆ ಉಪ್ಪು ತೆಳುವಾಗಿ ಅಂಕಿ ಕಡಿಮೆ ಕಾಣುತ್ತದೆ. ಗೋಧಿ ಇಸಿ 6ರವರೆಗೆ ತಾಳುತ್ತದೆ, ಮೇಲಿನ ಪ್ರತಿ ಒಂದಕ್ಕೆ ನೂರಕ್ಕೆ ಸುಮಾರು 7 ಪಾಲು ಇಳುವರಿ ಹೋಗುತ್ತದೆ ಅನ್ನುವ ಲೆಕ್ಕ ಬರೀ ನೆನೆದ ಕೆಸರಿನಿಂದ ತೆಗೆದ ನೀರಿನದು. 2.6 ಅಂತ ನೆಮ್ಮದಿಯಾಗಿರಬೇಡಿ. ಎರಡು ವರ್ಷ ಭತ್ತ ಹಾಕಿ, ಉಪ್ಪು ಕೆಳಗಿಳಿಯುತ್ತದೆ. ನಾನು ಹಾಗೇ ಉಳಿದೆ.

ಗೋಕಾಕದವರು:
ಬಸಿಯಲು ದಾರಿ ಇಲ್ಲದ ಎರೆಯಲ್ಲಿ ಭತ್ತವಾ? ಜವಳು (ನೆಲದಡಿ ನಿಂತ ನೀರು) ಇನ್ನೂ ಮೇಲೆ ಬರುತ್ತದೆ. ಮಿತಿಯಿಲ್ಲದೆ ನೀರು ಬಿಟ್ಟೇ ಅಲ್ವಾ ನಮ್ಮ ನೆಲ ಹೀಗಾಗಿದ್ದು?

ಸಿಂಧನೂರಿನವರು:
ಹದಿನಾಲ್ಕು ವರ್ಷ ಕಬ್ಬಿಗೆ ನೀರು ಬಿಟ್ಟವರು ನಮಗೆ ಬುದ್ಧಿ ಹೇಳಬೇಡಿ.

ಗೋಕಾಕದವರು:
ನಾನು ಒಂದು ಗುಂಟೆ ಕಬ್ಬೂ ಹಾಕಿದವನಲ್ಲ. ಮೇಲಿನ ಹೊಲದವರು ಹಾಕಿದರು. ಅವರ ನೀರು ಜಿನುಗಿ ನನ್ನ ಹೊಲ ಕೆಟ್ಟಿತು.

ಜಮಖಂಡಿ ಕಡೆಯವರು:
ನನ್ನದೂ ತಗ್ಗಿನ ಹೊಲವೇ. ಬಸಿಗಾಲುವೆ ತೋಡಿದರೆ ಆ ನೀರನ್ನು ಎಲ್ಲಿಗೆ ಬಿಡಲಿ? ಹಳ್ಳ ಮುಟ್ಟಲು ಇನ್ನಿಬ್ಬರ ಹೊಲ ದಾಟಬೇಕು.

ಮುಧೋಳದವರು:
ನಾನೂ ಅಲ್ಲೇ ಸಿಕ್ಕಿಬಿದ್ದಿದ್ದೇನೆ. ಕೆಳಗಿನವರು ಮೂರು ವರ್ಷದಿಂದ ಒಪ್ಪುತ್ತಿಲ್ಲ. ಅಥಣಿಯವರೇ, ನಿಮ್ಮ ಬಸಿನೀರು ಯಾರ ಹೊಲಕ್ಕೆ ಹೋಗುತ್ತಿದೆ?