ಸಹಾಯ ಬೇಕು: ಸಿಡಿ126 ಸಿಗ್ನಲ್ ಬೀಳ್ತಿದೆ, ಟಾಪಿ-1 (ಕಿಣ್ವ ತಡೆಯುವ ರಾಸಾಯನಿಕ) ಯಾರ ಹತ್ರ ಇದೆ?

ಹಾಸನದ ಲ್ಯಾಬ್‌ಗಳ ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿಂದ ಬೇಲೂರು ದಾರೀಲಿ ಬರುವ ರಕ್ತದ ಸ್ಯಾಂಪಲ್‌ಗಳಲ್ಲಿ ಟಿ ಕೋಶಗಳ (ರೋಗನಿರೋಧಕ ಬಿಳಿ ರಕ್ತಕಣಗಳು) ಮೇಲಿನ ಐಎಲ್-6 (ಉರಿಯೂತದ ಸಂಕೇತ ಪ್ರೋಟೀನ್) ರಿಸೆಪ್ಟರ್, ಅಂದ್ರೆ ಸಿಡಿ126, ಫ್ಲೋ ಸೈಟೋಮೀಟರಲ್ಲಿ (ಬಣ್ಣ ಹಚ್ಚಿದ ಕೋಶಗಳನ್ನು ಲೇಸರಿಂದ ಅಳೆಯುವ ಯಂತ್ರ) ತೀರಾ ಮಂಕು. ಇಲ್ಲೇ ತೆಗೆದ ರಕ್ತದಲ್ಲಿ ಚೆನ್ನಾಗೇ ಬರುತ್ತೆ. ಎಫ್‌ಸಿ ಬ್ಲಾಕ್ (ಆಂಟಿಬಾಡಿ ಬೇರೆ ಕಡೆ ಅಂಟದಂತೆ ತಡೆಯೋದು) 10 ನಿಮಿಷ; ಆಮೇಲೆ ಪಿಇ (ಹೊಳೆಯುವ ಬಣ್ಣ) ಅಂಟಿಸಿದ ಸಿಡಿ126 ಆಂಟಿಬಾಡಿ, 10 ಲಕ್ಷ ಕೋಶಕ್ಕೆ 5 ಮೈಕ್ರೋಲೀಟರ್, ಐಸ್ ಮೇಲೆ ಕತ್ತಲಲ್ಲಿ 30 ನಿಮಿಷ. ಎಫ್‌ಎಂಒ ಕಂಟ್ರೋಲ್ (ಒಂದು ಬಣ್ಣ ಮಾತ್ರ ಬಿಟ್ಟು ಉಳಿದೆಲ್ಲ ಹಾಕಿದ ಟ್ಯೂಬ್) ಸರಿಯಿದೆ.

ಅನುಮಾನ ಅಡಾಮ್17 ಅನ್ನೋ ಕಿಣ್ವದ ಮೇಲೆ. ಕೋಶ ಉದ್ರೇಕಗೊಂಡ್ರೆ ಈ ಕಿಣ್ವ ರಿಸೆಪ್ಟರನ್ನು ಪೊರೆಯ ಪಕ್ಕದಲ್ಲೇ ಕತ್ತರಿಸುತ್ತೆ, ಆಂಟಿಬಾಡಿಗೆ ಹಿಡಿಯೋಕೆ ಏನೂ ಉಳಿಯಲ್ಲ. ಅದೇ ಕಿಣ್ವ ಕತ್ತರಿಸುವ ಇನ್ನೊಂದು ಪೊರೆ ಪ್ರೋಟೀನ್ ಸಿಡಿ62ಎಲ್ ಕೂಡ ಜೊತೆಗೇ ಬೀಳ್ತಿದೆ. ಟಿ ಕೋಶಗಳ ಗುರುತಾದ ಸಿಡಿ3 ಮಾತ್ರ ಕದಲಿಲ್ಲ, ಹಾಗಾಗಿ ಸ್ಟೇನಿಂಗ್ ತಪ್ಪು ಅನ್ನಿಸಲ್ಲ. ಕತ್ತರಿಸಿಹೋದ ತುಂಡೂ ಸುಮ್ಮನಿರಲ್ಲ: ಐಎಲ್-6 ಹಿಡ್ಕೊಂಡು, ಸಿಡಿ126 ಇಲ್ಲದೆ ಬರೀ ಜಿಪಿ130 (ಐಎಲ್-6 ಸಂಕೇತವನ್ನು ಒಳಗೆ ದಾಟಿಸುವ ಜೊತೆ ರಿಸೆಪ್ಟರ್) ಇರುವ ಕೋಶಗಳನ್ನೂ ಎಬ್ಬಿಸುತ್ತೆ. ಸ್ಟ್ಯಾಟ್3 (ಆ ಸಂಕೇತ ಮುಂದೊಯ್ಯುವ ಕೋಶದೊಳಗಿನ ಪ್ರೋಟೀನ್) ಅಳೆಯೋರು ದಯವಿಟ್ಟು ಇದನ್ನ ಮರೀಬೇಡಿ.

ಬೇಕಿರೋದು ಅಡಾಮ್17 ತಡೆಯುವ ಟಾಪಿ-1, 1 ಮಿಲಿಗ್ರಾಂ. 200 ಮೈಕ್ರೋಲೀಟರ್ ಡಿಎಂಎಸ್‌ಒದಲ್ಲಿ (ದ್ರಾವಕ) ಕರಗಿಸಿದ್ರೆ ಸುಮಾರು 10 ಮಿಲಿಮೋಲಾರ್. 400ಕ್ಕೆ 1 ಪಾಲು ಹಾಕಿದ್ರೆ 25 ಮೈಕ್ರೋಮೋಲಾರ್. ಕಂಟ್ರೋಲ್ ಟ್ಯೂಬಿಗೂ ಅಷ್ಟೇ ಡಿಎಂಎಸ್‌ಒ ಬೀಳಬೇಕು. ಪುಡಿಯನ್ನ ಮೈನಸ್ 20ರಲ್ಲಿ ಇಟ್ಟಿರೋರು ದಯವಿಟ್ಟು ತಿಳಿಸಿ, ಐಸ್ ಡಬ್ಬಿ ತಂದು ನಾವೇ ತಗೊಂಡು ಹೋಗ್ತೀವಿ.

ಇನ್ನೊಂದು ಪ್ರಶ್ನೆ: ದೂರದ ಸ್ಯಾಂಪಲ್‌ಗೆ ನೀವು ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಟ್ಯೂಬ್ ಬಳಸ್ತೀರಾ, ಹೆಪಾರಿನ್ನಾ?