ಇಂಗ್ಲೆಂಡಿನ ನರ್ಸ್ ಕೆಲಸಕ್ಕೆ ಏಜೆಂಟರು 8 ಲಕ್ಷ ಕೇಳುತ್ತಿದ್ದಾರೆ: ಸ್ಪಾನ್ಸರ್‌ಶಿಪ್ ಹೀಗೆ ಕೊಳ್ಳಬಹುದೇ?

ಪ್ರಶ್ನೆ (ದಾವಣಗೆರೆಯ ಸ್ಟಾಫ್ ನರ್ಸ್)

ಎಲ್ಲರಿಗೂ ನಮಸ್ಕಾರ. ನಾನು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿ.ಎಸ್ಸಿ. ನರ್ಸಿಂಗ್ ಪದವಿ ಪಡೆದು, ಇಲ್ಲಿನ ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿ ನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಇಂಗ್ಲೆಂಡಿಗೆ ಹೋಗಬೇಕೆಂಬ ಆಸೆಯಿಂದ ಒಇಟಿ, ಅಂದರೆ ಆರೋಗ್ಯ ಕ್ಷೇತ್ರದವರ ಇಂಗ್ಲಿಷ್ ಪರೀಕ್ಷೆ ಬರೆದೆ. ಬರವಣಿಗೆಯಲ್ಲಿ 310, ಆಲಿಸುವುದರಲ್ಲಿ ಮತ್ತು ಮಾತಿನಲ್ಲಿ 350ಕ್ಕಿಂತ ಹೆಚ್ಚು ಬಂದವು, ಆದರೆ ಓದಿನಲ್ಲಿ 320 ಮಾತ್ರ ಬಂದಿತು.

ಈ ನಡುವೆ ಪರಿಚಯದವರ ಮೂಲಕ ಬೆಂಗಳೂರಿನ ಏಜೆಂಟರೊಬ್ಬರು ಸಿಕ್ಕಿದ್ದಾರೆ. ಒಇಟಿ ಬೇಡವೇ ಬೇಡ, ಮೊದಲು ಅಲ್ಲಿನ ಒಂದು ವೃದ್ಧಾಶ್ರಮಕ್ಕೆ ಕೇರ್ ಅಸಿಸ್ಟೆಂಟ್ ಆಗಿ ಹೋಗಿ, ಆರು ತಿಂಗಳಲ್ಲಿ ನರ್ಸ್ ಆಗಬಹುದು, ವೀಸಾಕ್ಕೆ ಬೇಕಾದ ಉದ್ಯೋಗದಾತರ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ತಮ್ಮ ಕೈಯಲ್ಲಿಯೇ ಸಿದ್ಧವಾಗಿದೆ ಎನ್ನುತ್ತಾರೆ. ಒಟ್ಟು 8 ಲಕ್ಷ, ಅದರಲ್ಲಿ 2 ಲಕ್ಷ ಈ ತಿಂಗಳೊಳಗೆ ಕೊಡಬೇಕಂತೆ. ಎಸ್ಸೆಸ್ಸೆಲ್ಸಿ ಮತ್ತು ಪದವಿಯ ಅಂಕಪಟ್ಟಿಗಳ ಮೂಲಪ್ರತಿಗಳನ್ನು ಈಗಾಗಲೇ ಪಡೆದುಕೊಂಡಿದ್ದಾರೆ, ಈಗ ಪಾಸ್‌ಪೋರ್ಟ್ ಕೇಳುತ್ತಿದ್ದಾರೆ. ಚನ್ನಗಿರಿಯ ಹತ್ತಿರ ನಮಗಿರುವ ಒಂದೂವರೆ ಎಕರೆ ಅಡಿಕೆ ತೋಟವನ್ನು ಅಡವಿಡಲು ಅಪ್ಪ ಒಪ್ಪಿದ್ದಾರೆ. ಅದಕ್ಕೇ ನನಗೆ ಹೆಚ್ಚು ಭಯ. ವಿದೇಶದಲ್ಲಿ ಕೆಲಸ ಮಾಡುತ್ತಿರುವವರು ದಯವಿಟ್ಟು ತಿಳಿಸಿ.

ಉತ್ತರ 1 (ಲೆಸ್ಟರ್‌ನಲ್ಲಿರುವ ನರ್ಸ್)

ತಂಗಿ, ಪಾಸ್‌ಪೋರ್ಟ್ ಕೊಡಬೇಡ, ತೋಟ ಅಡವಿಡಲೂ ಬೇಡ. ಕಾರಣ ಹೇಳುತ್ತೇನೆ.

ಬ್ರಿಟನ್ ಸರ್ಕಾರವು 2025ರ ಜುಲೈ 22ರಿಂದ ಹೊರದೇಶಗಳಿಂದ ಕೇರ್ ವರ್ಕರ್‌ಗಳನ್ನು ಹೊಸದಾಗಿ ಕರೆಸಿಕೊಳ್ಳುವ ದಾರಿಯನ್ನೇ ಮುಚ್ಚಿದೆ. ಅದಕ್ಕೂ ಮೊದಲು, 2024ರ ಮಾರ್ಚ್ 11ರಿಂದಲೇ, ಆ ಕೆಲಸಕ್ಕೆ ಬರುವವರು ಗಂಡ, ಹೆಂಡತಿ, ಮಕ್ಕಳನ್ನು ಜೊತೆಗೆ ಕರೆತರುವಂತಿಲ್ಲ ಎಂದು ಮಾಡಿತ್ತು. ಆದ್ದರಿಂದ ಭಾರತದಲ್ಲಿ ಕುಳಿತಿರುವ ನಿನಗೆ ಆ ಏಜೆಂಟರು ಹೇಳುವ ರೀತಿಯಲ್ಲಿ ವೀಸಾ ಸಿಗುವುದೇ ಇಲ್ಲ. ನೋಂದಾಯಿತ ನರ್ಸ್‌ಗಳ ದಾರಿ ಮಾತ್ರ ಇನ್ನೂ ತೆರೆದಿದೆ, ಆದರೆ ಅದು ಬೇರೆಯೇ ದಾರಿ.

ಅವರ ಕೈಯಲ್ಲಿ ಸಿದ್ಧವಾಗಿದೆ ಎನ್ನುವ ಸರ್ಟಿಫಿಕೇಟ್ ಕಾಗದವೇ ಅಲ್ಲ. ಪರವಾನಗಿ ಹೊಂದಿದ ಆಸ್ಪತ್ರೆಯು ಗೃಹ ಇಲಾಖೆಯ ವ್ಯವಸ್ಥೆಯಲ್ಲಿ, ಇಂಥ ಹುದ್ದೆಗೆ, ಇಷ್ಟು ಸಂಬಳಕ್ಕೆ, ಇಂಥವರಿಗೆ ಎಂದು ದಾಖಲಿಸಿದಾಗ ಹುಟ್ಟುವ ಒಂದು ಸಂಖ್ಯೆ ಅದು, ಮತ್ತು ಮೂರು ತಿಂಗಳೊಳಗೆ ಅದರ ಮೇಲೆ ವೀಸಾಕ್ಕೆ ಅರ್ಜಿ ಹಾಕಬೇಕು. ಅದಕ್ಕೆ ತಗಲುವ ಶುಲ್ಕವನ್ನು (2025ರಲ್ಲಿ 525 ಪೌಂಡ್) ಕಟ್ಟಬೇಕಾದವರು ಉದ್ಯೋಗದಾತರು. 2024ರ ಡಿಸೆಂಬರ್ 31ರ ನಂತರ ಆ ಹಣವನ್ನು ನೌಕರರಿಂದ ವಸೂಲಿ ಮಾಡುವುದಕ್ಕೂ ನಿರ್ಬಂಧವಿದೆ. ಪರವಾನಗಿ ಇರುವ ಸಂಸ್ಥೆಗಳ ಪಟ್ಟಿಯನ್ನು ಬ್ರಿಟನ್ ಸರ್ಕಾರವೇ ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ, ಏಜೆಂಟರು ಹೇಳುವ ವೃದ್ಧಾಶ್ರಮದ ಹೆಸರನ್ನು ಅಲ್ಲಿ ನೀನೇ ಹುಡುಕಬಹುದು.

ನೀನು ದುಡ್ಡು ಹಾಕಬೇಕಾದದ್ದು ನಿನ್ನ ನೋಂದಣಿಗೆ. 2025ರ ದರದಲ್ಲಿ, ಇಲ್ಲಿ ನರ್ಸ್‌ಗಳನ್ನು ನೋಂದಾಯಿಸುವ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್‌ಗೆ ಅರ್ಹತೆಯ ಪರಿಶೀಲನೆಗೆ 140 ಪೌಂಡ್, ಭಾರತದಲ್ಲಿಯೇ ಕಂಪ್ಯೂಟರಿನಲ್ಲಿ ಬರೆಯುವ ಸಿಬಿಟಿ ಎಂಬ ಪರೀಕ್ಷೆಗೆ 83, ಇಲ್ಲಿಗೆ ಬಂದ ಮೇಲೆ ಎದುರಿಸುವ ಪ್ರಾಯೋಗಿಕ ಪರೀಕ್ಷೆ ಓಸ್ಕಿಗೆ 794, ನೋಂದಣಿಗೆ 153. ಎಲ್ಲ ಸೇರಿದರೂ 1,170 ಪೌಂಡ್, ಅಂದರೆ ಒಂದೂವರೆ ಲಕ್ಷ ರೂಪಾಯಿಯೊಳಗೆ. ಅದರಲ್ಲಿಯೂ ಓಸ್ಕಿಯ ಶುಲ್ಕವನ್ನು ಹಲವು ಆಸ್ಪತ್ರೆಗಳು ತಾವೇ ಭರಿಸುತ್ತವೆ.

ನಿನ್ನ ಒಇಟಿ ವ್ಯರ್ಥವಾಗಿಲ್ಲ ಎಂಬುದನ್ನು ಮುಖ್ಯವಾಗಿ ತಿಳಿದುಕೋ. ಓದು, ಆಲಿಸುವುದು, ಮಾತು ಈ ಮೂರರಲ್ಲಿ ಬಿ, ಅಂದರೆ 350, ಬರವಣಿಗೆಯಲ್ಲಿ ಸಿ ಪ್ಲಸ್, ಅಂದರೆ 300 ಸಾಕು. ಹನ್ನೆರಡು ತಿಂಗಳೊಳಗೆ ಬರೆದ ಎರಡು ಪರೀಕ್ಷೆಗಳ ಅಂಕಗಳನ್ನು ಒಟ್ಟುಗೂಡಿಸಲು 2023ರಿಂದ ಅವಕಾಶವಿದೆ. ಎರಡನೆಯ ಸಲವೂ ನಾಲ್ಕೂ ವಿಭಾಗಗಳನ್ನು ಬರೆಯಬೇಕು, ಮೊದಲಿನ ಮೂರರಲ್ಲಿ ಸಿ ಪ್ಲಸ್‌ಗಿಂತ ಕೆಳಗೆ ಬೀಳಬಾರದು. ನಿನಗೆ ಓದು ಒಂದೇ ಬಾಕಿ! ಅದೊಂದಕ್ಕಾಗಿ ತೋಟವನ್ನು ಪಣಕ್ಕೆ ಇಡುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಆದರೂ ನಿಜ ಹೇಳಬೇಕು: ಈಗ ಇಲ್ಲಿನ ಸರ್ಕಾರಿ ಆಸ್ಪತ್ರೆಗಳು ಹೊರದೇಶದಿಂದ ಕರೆಸಿಕೊಳ್ಳುವುದನ್ನು ಬಹಳ ಕಡಿಮೆ ಮಾಡಿವೆ. ನಾನು ಬಂದಾಗ ಸಂದರ್ಶನವಾದ ಮೂರನೆಯ ದಿನವೇ ಆಫರ್ ಲೆಟರ್ ಬಂದಿತ್ತು, ಇಂದು ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಐಸಿಯು ಅನುಭವ ನಿನಗೆ ನೆರವಾಗುತ್ತದೆ. ಸರ್ಕಾರಿ ಆಸ್ಪತ್ರೆಯ ಬ್ಯಾಂಡ್ 5, ಅಂದರೆ ನೋಂದಾಯಿತ ನರ್ಸ್‌ಗಳ ಮೊದಲ ವೇತನ ದರ್ಜೆಯ, ನರ್ಸ್‌ನ ಆರಂಭದ ಸಂಬಳ ಇಂಗ್ಲೆಂಡಿನಲ್ಲಿ 2025-26ಕ್ಕೆ ವರ್ಷಕ್ಕೆ 31,049 ಪೌಂಡ್. ನಿನಗೆ ಬರುವ ಆಫರ್ ಇದಕ್ಕಿಂತ ಬಹಳ ಕಡಿಮೆಯಿದ್ದರೆ, ಕರಾರಿನಲ್ಲಿ ಯಾವ ಹುದ್ದೆಯ ಹೆಸರು ಬರೆದಿದೆ ಎಂದು ಎರಡು ಸಲ ಓದು.

ಉತ್ತರ 2 (ಜರ್ಮನಿಯಿಂದ)

ಮೇಲಿನವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಇಂಗ್ಲೆಂಡಿನ ಬಾಗಿಲು ಕಿರಿದಾಗಿರುವ ಈ ಹೊತ್ತಿನಲ್ಲಿ ಜರ್ಮನಿಯನ್ನೂ ಯೋಚಿಸಿ ಎಂದು ಹೇಳಲು ಬರೆಯುತ್ತಿದ್ದೇನೆ. ಇಲ್ಲಿ ಹಣಕ್ಕಿಂತ ಭಾಷೆಯೇ ದೊಡ್ಡ ಖರ್ಚು. ನೋಂದಾಯಿತ ನರ್ಸ್ ಆಗಲು ಬಿ2 ಮಟ್ಟದ, ಅಂದರೆ ಸರಾಗವಾಗಿ ಮಾತನಾಡಬಲ್ಲಷ್ಟು, ಜರ್ಮನ್ ಬೇಕು. ಕೆಲಸದ ಜೊತೆಗೆ ಕಲಿತರೆ ಒಂದು ವರ್ಷಕ್ಕಿಂತ ಹೆಚ್ಚೇ ಹಿಡಿಯುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದು ಬೆಂಗಳೂರಿನ ಇಂದಿರಾನಗರದಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನದ ತರಗತಿಯಲ್ಲಿ ಕುಳಿತು ತೂಕಡಿಸಿದ್ದು ನನಗಿನ್ನೂ ನೆನಪಿದೆ. ಬಂದ ಮೇಲೆ ನಮ್ಮ ಪದವಿಯನ್ನು ಇಲ್ಲಿನ ರಾಜ್ಯದ ಅಧಿಕಾರಿಗಳು ಪರಿಶೀಲಿಸಿ, ಯಾವ ವಿಷಯ ಕಡಿಮೆಯಿದೆ ಎಂದು ಪತ್ರ ಕೊಡುತ್ತಾರೆ. ಆ ಕೊರತೆಯನ್ನು ತರಬೇತಿಯಿಂದಲೋ ಪರೀಕ್ಷೆಯಿಂದಲೋ ತುಂಬಿಕೊಳ್ಳುವವರೆಗೆ ಸಹಾಯಕ ಹುದ್ದೆಯಲ್ಲಿಯೇ ಇರಬೇಕು. ಐಸಿಯು ನೋಡಿದವರಿಗೆ ಆ ತಿಂಗಳುಗಳು ಕಷ್ಟವೇ, ಅದನ್ನು ಮುಚ್ಚಿಡಲಾರೆ.

ಜರ್ಮನ್ ಸರ್ಕಾರದ ಸಂಸ್ಥೆಗಳು ಹೊರದೇಶದ ನರ್ಸ್‌ಗಳನ್ನು ಕರೆಸಿಕೊಳ್ಳಲು 2013ರಲ್ಲಿ ಆರಂಭಿಸಿದ ಟ್ರಿಪಲ್ ವಿನ್ ಯೋಜನೆಯಲ್ಲಿ ನರ್ಸ್‌ಗಳಿಂದ ಹಣ ಪಡೆಯುವುದಿಲ್ಲ. ಅನಿವಾಸಿ ಕೇರಳೀಯರಿಗಾಗಿ ಇರುವ ಕೇರಳ ಸರ್ಕಾರದ ನೋರ್ಕಾ ಸಂಸ್ಥೆ 2021ರಲ್ಲಿ ಅದಕ್ಕೆ ಒಪ್ಪಂದ ಮಾಡಿಕೊಂಡಿತು. ನಮ್ಮ ರಾಜ್ಯದಲ್ಲಿಯೂ ಕೌಶಲ್ಯಾಭಿವೃದ್ಧಿ ನಿಗಮದ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ, ಖಾಸಗಿ ಏಜೆಂಟರಿಗಿಂತ ಮೊದಲು ಅಲ್ಲಿ ಕೇಳಿ ನೋಡಿ.

ಉತ್ತರ 3 (ಮಂಗಳೂರಿನ ನಿವೃತ್ತ ನರ್ಸಿಂಗ್ ಬೋಧಕಿ)

ಮಗಳೇ, ನಿನ್ನ ಅಂಕಪಟ್ಟಿಗಳ ಮಾತು ಓದಿ ಬರೆಯದೆ ಇರಲಾಗಲಿಲ್ಲ. ನಾನು ಕೊಲ್ಲಿ ರಾಷ್ಟ್ರವೊಂದಕ್ಕೆ ಹೊರಟಾಗ ಏಜೆಂಟರೊಬ್ಬರು ನನ್ನ ಮೂಲಪ್ರತಿಗಳನ್ನು ಇಟ್ಟುಕೊಂಡು, ಕೆಲಸ ಬೇಡವೆಂದ ಮೇಲೆ ಅವನ್ನು ಹಿಂದಿರುಗಿಸಲು ಹಣ ಕೇಳಿದ್ದರು. ಏಳು ತಿಂಗಳು ಅಲೆದೆ. ಮೂಲಪ್ರತಿ ಅವರ ಕೈಗೆ ಹೋದ ಮೇಲೆ ಬೇಡ ಎನ್ನುವ ಧೈರ್ಯವೇ ನಮಗೆ ಉಳಿಯುವುದಿಲ್ಲ, ಅವರು ಅದನ್ನು ಕೇಳುವುದೂ ಅದಕ್ಕಾಗಿಯೇ.

ಭಾರತದ 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದೆ ಯಾರೂ ವಿದೇಶಿ ಕೆಲಸಕ್ಕೆ ಜನರನ್ನು ಕಳುಹಿಸುವಂತಿಲ್ಲ, ನೋಂದಣಿ ಇದ್ದವರೂ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಸೇವಾಶುಲ್ಕ ಪಡೆಯುವಂತಿಲ್ಲ. ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಅವರ ನೋಂದಣಿ ಸಂಖ್ಯೆಯನ್ನು ನೋಡು. ಅಂಕಪಟ್ಟಿ ಹಿಂದಿರುಗಿಸಿ ಎಂದು ದಿನಾಂಕ ಹಾಕಿ ಬರವಣಿಗೆಯಲ್ಲಿ ಕೇಳು, ಇಂಥ ದಿನದೊಳಗೆ ಎಂದು ಗಡುವು ಕೊಡು, ಪ್ರತಿಯನ್ನು ಇಟ್ಟುಕೋ. ಕೊಡದಿದ್ದರೆ ಪೊಲೀಸ್ ಠಾಣೆಗೆ ದೂರು ಕೊಡಲು ಹಿಂಜರಿಯಬೇಡ. ಪಾಸ್‌ಪೋರ್ಟ್ ಅಂತೂ ಭಾರತ ಸರ್ಕಾರದ ಸ್ವತ್ತು, ಅದನ್ನು ಒತ್ತೆಯಾಗಿ ಇಟ್ಟುಕೊಳ್ಳುವ ಹಕ್ಕು ಯಾವ ಏಜೆಂಟರಿಗೂ ಇಲ್ಲ.

ಪ್ರಶ್ನೆ ಕೇಳಿದವರು

ಅಕ್ಕ, ಮೇಡಂ, ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಅಪ್ಪನಿಗೆ ಇವೆಲ್ಲವನ್ನೂ ಓದಿ ಹೇಳಿದೆ. ಇ-ಮೈಗ್ರೇಟ್ ಪಟ್ಟಿಯಲ್ಲಿ ಆ ಏಜೆಂಟರ ಹೆಸರು ಸಿಗಲಿಲ್ಲ. ಸೋಮವಾರ ಅಪ್ಪನೂ ನಾನೂ ಬೆಂಗಳೂರಿಗೆ ಹೋಗಿ ಪತ್ರ ಕೊಟ್ಟು ಅಂಕಪಟ್ಟಿಗಳನ್ನು ಕೇಳುತ್ತೇವೆ. ನನ್ನ ಮೊದಲ ಒಇಟಿಗೆ ಈಗ ಐದು ತಿಂಗಳಾಗಿದೆ, ಇನ್ನೂ ಏಳು ತಿಂಗಳಿವೆ. ಓದಿನ ವಿಭಾಗದಲ್ಲಿ ಮೊದಲ ಭಾಗಕ್ಕೆ ಕೊಡುವ ಹದಿನೈದು ನಿಮಿಷ ನನಗೆ ಸಾಲುತ್ತಲೇ ಇಲ್ಲ. ಅದನ್ನು ಹೇಗೆ ಅಭ್ಯಾಸ ಮಾಡಿದಿರಿ ಎಂದು ಲೆಸ್ಟರ್‌ನ ಅಕ್ಕ ತಿಳಿಸುವಿರಾ?