ಪುಟ್ಟಿಗೆ ಬಂದ ಚೀಟಿ

ಅಕ್ಕ (ಕ್ಯಾಲಿಫೋರ್ನಿಯಾ): 📷 ಪುಟ್ಟಿ ಕ್ಲಾಸಿನಲ್ಲಿ ಈ ವಾರ ಪ್ರಾಚೀನ ಗ್ರೀಸ್. ಡಬ್ಬದಿಂದ ಎಲ್ಲರೂ ಒಂದೊಂದು ಚೀಟಿ ಎತ್ತಿದರಂತೆ. ನಾಗರಿಕ, ಹೆಂಗಸು, ಹೊರಗಿನವ, ಗುಲಾಮ. ಇವಳಿಗೆ ಬಂದದ್ದು ಗುಲಾಮ, ಫೋಟೋದಲ್ಲಿದೆ ನೋಡಿ. ನಾಗರಿಕರು ಕೈ ಎತ್ತಿ ನಾಳೆ ಯಾವ ಆಟ ಅಂತ ತೀರ್ಮಾನ ಮಾಡಿದರು, ಇವಳು ಅವರಿಗೆಲ್ಲ ಪುಸ್ತಕ ಹಂಚಬೇಕಿತ್ತು. ರಾತ್ರಿ ಊಟ ಮಾಡಲಿಲ್ಲ.

ಚಿಕ್ಕಮ್ಮ: ಅಯ್ಯೋ ಪಾಪ. ಹನ್ನೊಂದು ವರ್ಷದ ಮಗುವಿಗೆ ಇದೆಂಥ ಪಾಠ? ನಾಳೆನೇ ಹೋಗಿ ಕೇಳು.

ದೊಡ್ಡಪ್ಪ (ಮೈಸೂರು): ಅಷ್ಟಕ್ಕೂ ಗ್ರೀಸ್ ಯಾಕಮ್ಮ? ನಮ್ಮದೇ ಇತಿಹಾಸ ಬೆಟ್ಟದಷ್ಟಿದೆ.

ಅಕ್ಕ: ಭಾರತ, ಈಜಿಪ್ಟ್, ಚೀನಾ ಎಲ್ಲ ಇದೇ ವರ್ಷ ಇದೆ ದೊಡ್ಡಪ್ಪ.

ದೊಡ್ಡಪ್ಪ: ಹಾಗಾದರೆ ಚಾರಿಷನ್ ಪ್ರಹಸನ ಹೇಳಿಕೊಡಲಿ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ನಾಟಕ, ಅದರಲ್ಲಿ ಕನ್ನಡ ಮಾತಿದೆ ಅಂತ ಜರ್ಮನಿಯ ಶಾಸನತಜ್ಞ ಹುಲ್ಷ್ ಅವರು 1904ರಲ್ಲೇ ಹೇಳಿದ್ದಾರೆ.

ಅಣ್ಣ (ಹಾಸನ): ಎಲ್ಲ ವಿದ್ವಾಂಸರೂ ಅದನ್ನು ಒಪ್ಪಿಲ್ಲ ದೊಡ್ಡಪ್ಪ. ಅಲ್ಲದೆ ಆ ನಾಟಕದಲ್ಲಿ ನಮ್ಮ ಕಡೆ ರಾಜನಿಗೆ ಚೆನ್ನಾಗಿ ಕುಡಿಸಿ ಗ್ರೀಕರು ಹಡಗು ಹತ್ತಿ ಓಡಿಹೋಗ್ತಾರೆ 😄

ಅಕ್ಕ, ನಾನು ಮೇಷ್ಟ್ರಾಗಿ ಹೇಳ್ತೀನಿ, ಆ ಟೀಚರ್ ತಪ್ಪು ಮಾಡಿಲ್ಲ. ನಮ್ಮ 8ನೇ ಕ್ಲಾಸಿನಲ್ಲೂ ಗ್ರೀಕ್ ಪಾಠ ಇದೆ. ಅಥೆನ್ಸ್ ಪ್ರಜಾಪ್ರಭುತ್ವದ ತವರು ಅಂತ ಮಕ್ಕಳು ಉರು ಹೊಡೆದು ಬರೀತಾರೆ, ಮತ ಯಾರಿಗೆ ಇರಲಿಲ್ಲ ಅಂತ ಒಬ್ಬರೂ ಕೇಳಲ್ಲ. ಅಥೆನ್ಸಿನವರ ಲಾರಿಯಂ ಗಣಿಯಲ್ಲಿ ಗುಲಾಮರು ಅಗೆದ ಬೆಳ್ಳಿಯಿಂದ ಹಡಗು ಕಟ್ಟಿಸಿ ತಾನೇ ಕ್ರಿ.ಪೂ. 480ರಲ್ಲಿ ಪರ್ಷಿಯನ್ನರ ಮೇಲೆ ಸಲಾಮಿಸ್ ಸಮುದ್ರಯುದ್ಧ ಗೆದ್ದದ್ದು. ಅದು ಮನಸ್ಸಿಗೆ ತಟ್ಟಬೇಕಾದರೆ ಸ್ವಲ್ಪ ಚುರುಕ್ ಅನ್ನಲೇಬೇಕು.

ಚಿಕ್ಕಮ್ಮ: ನಿನ್ನ ಮಗಳಿಗೆ ಬಂದಿದ್ದರೆ ಹೀಗೇ ಹೇಳ್ತಿದ್ಯಾ?

ನಾನು: ಅಣ್ಣ, ವಿಷಯ ಹೇಳಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗುಲಾಮಗಿರಿ ಅಂದರೆ ಅರ್ಧ ಗಂಟೆ ಪುಸ್ತಕ ಹಂಚೋದಾ? ಪುಟ್ಟಿಗೆ ಅವಮಾನ ಆಯ್ತು, ಉಳಿದವರಿಗೆ ತಮಾಷೆ ಆಯ್ತು, ಅಥೆನ್ಸ್ ಮಾತ್ರ ಯಾರಿಗೂ ಗೊತ್ತಾಗಲಿಲ್ಲ. ಇನ್ನೊಂದು, ಅಲ್ಲಿ ಚೀಟಿ ಥರ ಅದೃಷ್ಟದ ಮೇಲೆ ಬಿಡ್ತಾ ಇದ್ದದ್ದು 500 ಜನರ ಮಂಡಳಿಗೆ ಯಾರು ಅನ್ನೋದನ್ನ. ಗುಲಾಮರು ಯುದ್ಧದಲ್ಲಿ ಸೆರೆ ಸಿಕ್ಕವರು, ಸಂತೆಯಲ್ಲಿ ಮಾರಾಟ ಆದವರು, ಗುಲಾಮ ತಾಯಿಗೆ ಹುಟ್ಟಿದವರು. ಡಬ್ಬದಿಂದ ಗುಲಾಮನ ಚೀಟಿ ಎತ್ತಿಸಿದರೆ ಅದೇನೋ ಗ್ರಹಚಾರ ಅನ್ನೋ ಥರ ಆಗುತ್ತೆ, ಮಾಡಿದವರು ಯಾರು ಅನ್ನೋ ಪ್ರಶ್ನೆನೇ ಬರಲ್ಲ.

ಅಣ್ಣ: ಹ್ಞೂಂ, ಅದು ಸರಿ. ಹಾಗಾದರೆ ಏನು ಮಾಡಿಸ್ತೀಯಾ? ಬರೀ ಓದಿಸಿದರೆ ನಿದ್ದೆ ಮಾಡ್ತಾರೆ.

ನಾನು: ಬೋಕಿ ಕೊಡ್ತೀನಿ. ನಾವು ಕುಂಟೆಬಿಲ್ಲೆಗೆ ಹುಡುಕ್ತಿದ್ದ ಮಡಕೆ ಚೂರು ಇದೆಯಲ್ಲ, ಅಥೆನ್ಸಿನವರು ಅದರ ಮೇಲೇ ಹೆಸರು ಗೀರಿ, ಯಾರನ್ನು ಊರು ಬಿಡಿಸಬೇಕು ಅಂತ ಮತ ಹಾಕ್ತಿದ್ದರು. ಒಟ್ಟು 6000 ಚೂರು ಬಿದ್ದರೆ, ಜಾಸ್ತಿ ಸಲ ಹೆಸರು ಬಂದವನು 10 ವರ್ಷ ಊರು ಬಿಡಬೇಕು. ವಿಚಾರಣೆ ಇಲ್ಲ, ಆಸ್ತಿ ಮುಟ್ಟಲ್ಲ. ಸಲಾಮಿಸ್ ಗೆಲ್ಲಿಸಿದ ಥೆಮಿಸ್ಟೊಕ್ಲಿಸ್‌ನನ್ನೇ ಹೀಗೆ ಕಳಿಸಿದರು. ಅಥೆನ್ಸಿನ ಅಕ್ರೊಪೊಲಿಸ್ ಗುಡ್ಡದ ಪಕ್ಕದ ಒಂದು ಬಾವಿಯಲ್ಲಿ ಅವನ ಹೆಸರಿನ ಸುಮಾರು 190 ಚೂರು ಸಿಕ್ಕಿವೆ, ನೋಡಿದರೆ ಕೆಲವೇ ಜನರ ಕೈಬರಹ! ಮೊದಲೇ ಬರೆದಿಟ್ಟು ಹಂಚೋಕೆ ಮಾಡಿದ್ದಿರಬೇಕು. ಮಕ್ಕಳಿಗೆ ಆ ಚೂರುಗಳ ಫೋಟೋ ಕೊಟ್ಟು, ಎಷ್ಟು ಕೈ ಬರೆದಿವೆ ಕಂಡುಹಿಡಿಯಿರಿ ಅಂದರೆ ಯಾರು ನಿದ್ದೆ ಮಾಡ್ತಾರೆ?

ದೊಡ್ಡಪ್ಪ: ಅಂದರೆ ಫಾರ್ವರ್ಡ್ ಮಾಡೋದು ಆಗಲೇ ಇತ್ತು.

ಚಿಕ್ಕಮ್ಮ: ಭಾವ, ನೀವು ಆ ಮಾತು ಆಡಬಾರದು 😂

ಅಣ್ಣ: ಆ ಚೂರು ಹಾಕೋಕೂ ಹೆಂಗಸರಿಗೆ, ಗುಲಾಮರಿಗೆ ಅವಕಾಶ ಇರಲಿಲ್ಲ ಅನ್ನೋದನ್ನ ಮಾತ್ರ ಬಿಡಬೇಡ.

ನಾನು: ಬಿಡಲ್ಲ. ಚೂರು ಎಣಿಸಿದ ಮೇಲೆ ಅದನ್ನೇ ಕೇಳಬೇಕು, ಈ ರಾಶಿಯಲ್ಲಿ ಯಾರ ಚೂರು ಇಲ್ಲ ಅಂತ.

ಅಕ್ಕ: ಟೀಚರಿಗೆ ಮೇಲ್ ಹಾಕಿದೆ, ಜಗಳ ಅಲ್ಲ, ಇದನ್ನೇ ಬರೆದೆ. ಪುಟ್ಟಿ ಪಕ್ಕದಲ್ಲೇ ಕೂತು ಎಲ್ಲ ಓದಿಸಿಕೊಂಡಳು. ಈಗ ಹಿತ್ತಲಲ್ಲಿ ಒಡೆದ ಹೂಕುಂಡ ತಂದು ಮೊಳೆಯಲ್ಲಿ ಏನೋ ಗೀರ್ತಾ ಇದ್ದಾಳೆ, ಯಾರ ಹೆಸರು ಅಂತ ತೋರಿಸ್ತಾ ಇಲ್ಲ.